ಎಲ್ಲರ ಪರದೆಯಲ್ಲೂ ನಾಲ್ಕು ಗಂಟೆ

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ಪ್ರತಿ ಕಂಪ್ಯೂಟರಿನ ಮುಂದೂ ಕೂತು ‘ನೆಕ್ಸ್ಟ್’ ಒತ್ತಿ ಒತ್ತಿ ಸೊಂಟ ಬಿದ್ದುಹೋಗಿತ್ತು. ಅದಕ್ಕೇ ಈ ಸಲ ನನ್ನ ಕಂಪ್ಯೂಟರಿನ ಪಡಿಯಚ್ಚು ತೆಗೆದು, ಕಚೇರಿಯ ಎಲ್ಲದರಲ್ಲೂ ಆಪರೇಟಿಂಗ್ ಸಿಸ್ಟಮ್ ತಾನಾಗಿಯೇ ಇನ್‌ಸ್ಟಾಲ್ ಆಗುವಂತೆ ಮಾಡಿದೆ. ಅದರ ಜೊತೆ ದಿನಾ ನಾಲ್ಕಕ್ಕೆ ಬರುವ ನನ್ನ ರಿಮೈಂಡರೂ ಹೋಗುತ್ತದೆಂದು ಹೊಳೆಯಲೇ ಇಲ್ಲ. ನಿನ್ನೆ ನಾಲ್ಕು ಗಂಟೆಗೆ ಎಲ್ಲರ ಪರದೆಯಲ್ಲೂ ‘ಅಮ್ಮನಿಗೆ ಫೋನ್ ಮಾಡು, ಮಾತ್ರೆ’ ಎಂದು ಬಂತು.

ಲೆಕ್ಕದ ವಿಭಾಗದ ಅಕ್ಕ ಎದ್ದು ಬಂದು, ‘ಅಮ್ಮ ಮಾತ್ರೆ ತಗೊಂಡ್ರೇನಪ್ಪಾ?’ ಅಂದರು. ಅಮ್ಮ ತೀರಿಕೊಂಡು ತಿಂಗಳಾಯಿತು. ‘ಹೂಂ, ತಗೊಂಡ್ರು’ ಅಂದುಬಿಟ್ಟೆ.

ತಾವು ಬೈದದ್ದು ಸರಿಯೇ. ಎಲ್ಲ ಕಂಪ್ಯೂಟರುಗಳಿಂದಲೂ ಆ ರಿಮೈಂಡರನ್ನು ಅಳಿಸಿದ್ದೇನೆ. ನನ್ನದರಲ್ಲಿ ಮಾತ್ರ ಉಳಿದಿದೆ, ಅದನ್ನು ಅಳಿಸಲು ದಯವಿಟ್ಟು ಬೇರೆ ಯಾರನ್ನಾದರೂ ಕಳುಹಿಸಿ. ಅವಸರವೇನಿಲ್ಲ, ನಾಲ್ಕು ಗಂಟೆ ದಾಟಿದ ಮೇಲೆ ಬಂದರೆ ಸಾಕು.

ಇಂತಿ,
ತಮ್ಮ ಕಂಪ್ಯೂಟರಿನವನು