ಜೋತುಬಿದ್ದ ತೊಡೆಯ ಹಚ್ಚೆ

ಸಲೇಲೋಲೋಗ, ಸಮೋವಾ

ಲೆಯುತು ಅಕ್ಕ,

ನಿನ್ನೆ ತೊಡೆಗಳಿಗೆ ಹಚ್ಚೆ ಹಾಕಿಸಿಕೊಂಡೆ ಕಣೇ. ಸ್ವಲ್ಪ ಮೈ ಇಳಿಸಿಕೊಂಡು ಇಬ್ಬರೂ ಜೋಡಿಯಾಗಿ ಹಾಕಿಸಿಕೊಳ್ಳೋಣ ಅಂತ ವರ್ಷ ವರ್ಷ ಮುಂದೂಡಿದೆವಲ್ಲ, ಅದೇ ಹಚ್ಚೆ. ಮೈ ಇಳಿಯುವ ಮೊದಲೇ ನೀನು ಕಣ್ಣು ಮುಚ್ಚಿಬಿಟ್ಟೆ.

ಹಚ್ಚೆಗಾರ ನನ್ನ ತೊಡೆ ಮುಟ್ಟಿ ನೋಡಿ, "ಚಿಕ್ಕಮ್ಮ, ಚರ್ಮ ಜೋತುಬಿದ್ದಿದೆ. ಗೆರೆ ಸೊಟ್ಟ ಆಗುತ್ತೆ, ಬೇಡ ಬಿಡಿ" ಅಂದ.

"ಐದು ಹೆತ್ತ ಮೈ ಕಣಪ್ಪ, ಜೋತುಬೀಳದೆ ಇನ್ನೇನು? ಚರ್ಮ ಎಳೆದು ಹಿಡಿಯೋಕೆ ಅಂತಲೇ ಇಬ್ಬರು ಗಟ್ಟಿಗರನ್ನ ಕೂರಿಸ್ಕೊಂಡಿದ್ದೀಯಲ್ಲ, ಎಳೀಲಿ!" ಅಂದೆ. ಅವರು ನಗುತ್ತಲೇ ಎಳೆದರು.

ವಾಡಿಕೆಯಂತೆ ಪಕ್ಕದಲ್ಲಿ ಜೋಡಿಯವಳಿಗೂ ಚಾಪೆ ಹಾಸಿದ್ದರು, ಖಾಲಿ ಚಾಪೆ. ನಾನು ಆ ಕಡೆ ತಿರುಗಲಿಲ್ಲ.

ಗೆರೆ ಅಲ್ಲಲ್ಲಿ ಸೊಟ್ಟ ಬಂದಿದೆ, ಬರಲಿ. ಮುಂದಿನ ಮದುವೆಯಲ್ಲಿ ಬಟ್ಟೆ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ ಕುಣಿಯುತ್ತೇನೆ. ಅತ್ತಿಗೆ ಮೂತಿ ತಿರುಗಿಸಿದರೆ ಇನ್ನೊಂದು ಸುತ್ತು ಕುಣಿಯುತ್ತೇನೆ.

ನಿನ್ನ ತಂಗಿ,
ಫೆತು