ಇದ್ದಿಲಿನಲ್ಲಿ ಬರೆದ ಬಾಗಿಲು

ಅತ್ತಿಗಮ್ಮ,

ಮೊದಲ ಸಾಲಿನಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಬರೆದು ಹೊಡೆದುಹಾಕಿದ್ದೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಬರಹ, ನಿನಗೋ ಓದು ಬರದು. ಆದರೂ ಬರೆಯುತ್ತಿದ್ದೇನೆ. ಓದಿ ಹೇಳುವುದಕ್ಕೆ ಅಲ್ಲಿ ಅಣ್ಣ ಇದ್ದಾನಲ್ಲ.

ಆ ಊದುಗೊಳವೆ ನೆನಪಾಗುತ್ತದೆ. ನಮ್ಮ ನಾಡಹೆಂಚಿನ ಮನೆಯ ಅಡುಗೆಕೋಣೆಯಲ್ಲಿ ನೀನು ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಊದುತ್ತಿದ್ದೆ. ಏಳುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದೆ, ಕಣ್ಣು ಯಾವಾಗಲೂ ಕೆಂಪು. ತಾಯಿಯಿಲ್ಲದ ನನ್ನನ್ನು ಆ ಹೊಗೆಯಲ್ಲೇ ಸಾಕಿದವಳು ನೀನು. ತಾಂಡ್ಯದ ಫ್ಯಾಕ್ಟರಿಯಲ್ಲಿ ನಾನು ಪರ್ಮನೆಂಟ್ ಆದ ದಿನವೇ ಹೇಳಿದೆ, ಮನೆಯ ಪಕ್ಕಕ್ಕೆ ಸೇರಿಸಿ ಒಂದು ಆರ್‌ಸಿಸಿ ರೂಮು ಕಟ್ಟಿಸೋಣ, ಕಟ್ಟೆ ಹಾಕಿ ಗ್ಯಾಸ್ ಒಲೆ ಇಡೋಣ, ನೀನು ನಿಂತುಕೊಂಡೇ ಅಡುಗೆ ಮಾಡಬಹುದು ಅಂತ. “ನಿಂತ್ಕಂಡು ಅಡ್ಗೆ ಮಾಡದಾ? ಅದೇನ್ಲಾ ಅದು, ಬಸ್ಸಿಗೆ ಕಾಯ್ದಂಗೆ!” ಅಂತ ನೀನು ನಕ್ಕೆ. ನಕ್ಕರೂ ಅವತ್ತು ಸಂಜೆ ನನ್ನ ಹೆಂಡತಿ ಶಿವಮ್ಮನ ಹತ್ತಿರ ಕೇಳಿದೆಯಂತೆ, ಕಟ್ಟೆ ಎಷ್ಟು ಎತ್ತರ ಇರುತ್ತದೆ ಅಂತ. ಅವಳು ಇದನ್ನು ನನಗೆ ಹೇಳಿದ್ದು ನೀನು ಹೋದ ಮೇಲೆ.

ನರಸೀಪುರದ ಮೇಸ್ತ್ರಿ ರಾಚಯ್ಯ ಬಂದ ದಿನ ನಡುಮನೆಯ ಮಣ್ಣುಗೋಡೆಯ ಮೇಲೆ ಇದ್ದಿಲಿನಿಂದ ಒಂದು ಬಾಗಿಲು ಬರೆದ. “ಇಲ್ಲಿ ಒಡುದ್ರೆ ಸೀದಾ ಒಸ ಅಡ್ಗೆಮನೆಗೇ ಓಯ್ತದೆ ಕಣಮ್ಮೋ” ಅಂದ. ನೀನು ಆ ಗೆರೆಯ ಮುಂದೆ ನಿಂತು ತಲೆಯ ಮೇಲೆ ಕೈಯಿಟ್ಟು ಅಳತೆ ನೋಡಿದೆ. ನಮ್ಮ ಮನೆಯ ಎಲ್ಲ ಬಾಗಿಲುಗಳೂ ಗಿಡ್ಡ, ಬಗ್ಗಿಯೇ ದಾಟಬೇಕು. “ಇದ್ಕೆ ತಲೆ ತಗ್ಗುಸ್ಬೇಕಾಗಿಲ್ಲ ಕಣ್ಲಾ ಮಾದು” ಅಂದೆ. ಎಷ್ಟು ಖುಷಿ ಇತ್ತು ನಿನ್ನ ಮುಖದಲ್ಲಿ…

ಹೊಸ ರೂಮು ಎದ್ದಿತು, ತಾರಸಿಗೆ ಮೋಲ್ಡ್ ಬಿತ್ತು, ಕಡಪ ಕಲ್ಲಿನ ಕಟ್ಟೆಯೂ ಬಂತು. ಗೋಡೆ ಒಡೆಯುವುದೊಂದು ಬಾಕಿ. ಅಷ್ಟರಲ್ಲಿ ನನಗೆ ಭಯ ಹಿಡಿಯಿತು. ಅಣ್ಣ ಹಿತ್ತಿಲ ಗೋಡೆ ಒಡೆದು ಕಿಟಕಿ ಇಟ್ಟ ವರ್ಷವೇ ಕಾಮಾಲೆಯಲ್ಲಿ ಹೋದನಲ್ಲ, ಅದನ್ನು ನಾನು ಹೇಗೆ ಮರೆಯಲಿ? ಮನೆಯ ಆಯ ಕೆಟ್ಟಿತು, ಅಳತೆಯ ಲೆಕ್ಕ ತಪ್ಪಿತು ಅಂತ ಊರೇ ಆಡಿಕೊಂಡಿತ್ತು. ಬಸ್ಸು ಹತ್ತಿ ಸೋಸಲೆ ಕಡೆಗೆ ಹೋಗಿ, ಆಯ ನೋಡುವ ಅಜ್ಜಯ್ಯನನ್ನು ಕರೆತಂದೆ. ಅವನು ದಾರ ಹಿಡಿದು ಉದ್ದ ಅಗಲ ಅಳೆದ, ಗುಣಿಸಿ ಎಂಟರಿಂದ ಭಾಗಿಸಿದ. ಹಳೇ ಮನೆ ಒಂದೇ ಆದರೆ ವೃಷಭಾಯ, ಒಳ್ಳೆಯದು. ಗೋಡೆ ಒಡೆದು ಬಾಗಿಲು ಇಟ್ಟರೆ ಎರಡೂ ಸೇರಿ ಒಂದೇ ಮನೆ ಲೆಕ್ಕ. ಆಗ ಬರುವುದು ಧೂಮಾಯ, ಹೊಗೆಯ ಆಯ, ಮನೆಯ ಹಿರಿಯ ಜೀವಕ್ಕೆ ಆಗದು ಅಂದ. ಮೂಡಲಿಗೆ ಮೂರಡಿ ಜಗಲಿ ಎಳೆದರೆ ಲೆಕ್ಕ ಸರಿಹೋಗುತ್ತದೆ, ಅಲ್ಲಿಯವರೆಗೆ ಗೋಡೆ ಮುಟ್ಟಬೇಡ ಅಂದ.

ಮನೆಯ ಹಿರಿಯ ಜೀವ ಅಂದರೆ ಯಾರು ಅತ್ತಿಗಮ್ಮ? ನೀನೇ ಅಲ್ಲವಾ?

ನೀನು ಮಾತ್ರ ಅಜ್ಜಯ್ಯನ ಎದುರಿಗೇ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದೆ: “ನಲ್ವತ್ತು ವರ್ಷದಿಂದ ಒಲೆ ಊದ್ತಾ ಕುಂತಿವ್ನಿ. ಈಗ್ಲೇನು ಮಲ್ಲಿಗೆ ಊವಿನ ಆಯದಲ್ಲಿ ಇವ್ನಾ ಬುದ್ದಿ?” ಅಜ್ಜಯ್ಯನೂ ನಕ್ಕುಬಿಟ್ಟ. ನನಗೆ ಮಾತ್ರ ನಗು ಬರಲಿಲ್ಲ. ಜಗಲಿ ಎಳೆಸೋಣ ಅಂದಾಗ ರಾಚಯ್ಯ ಬೇರೆ ಕೆಲಸ ಹಿಡಿದಿದ್ದ. ಅವನು ಬಿಡುವಾದಾಗ ಆಷಾಢ. ಆಷಾಢ ಕಳೆದರೆ ಶಿವಮ್ಮ ಬಸುರಿ, ಬಸುರಿ ಇರುವಾಗ ಮನೆ ಕೆದಕಬಾರದು ಅಂದರು. ಹೀಗೇ ಮೂರು ವರ್ಷ. ಒಂದೊಂದಕ್ಕೂ ನನ್ನ ಹತ್ತಿರ ಕಾರಣ ಇತ್ತು, ಒಂದೂ ಸುಳ್ಳಲ್ಲ.

ಹೊಸ ಅಡುಗೆಮನೆಗೆ ಸದ್ಯಕ್ಕೆ ಅಂತ ಹೊರಗಡೆಯಿಂದ ಬಾಗಿಲು ಇಟ್ಟಿದ್ದೆವಲ್ಲ. ತಲೆಬಾಗಿಲು ದಾಟಿ, ಮನೆಯ ಪಕ್ಕದ ಚಪ್ಪಡಿ ಮೇಲೆ ಸುತ್ತಿ ಹೋಗಬೇಕು. ಸುಮ್ಮನೆ ಇರಲಾರದೆ ಒಮ್ಮೆ ಎಣಿಸಿದ್ದೆ, ನಲವತ್ತೊಂದು ಹೆಜ್ಜೆ. ಅವತ್ತು ಮಳೆ. ನೀನು ಅನ್ನದ ತಪ್ಪಲೆ ಸೊಂಟಕ್ಕೆ ಆನಿಸಿ, ತಲೆಗೆ ಸೆರಗು ಹೊದ್ದು, ನನಗೆ ಫ್ಯಾಕ್ಟರಿಗೆ ಹೊತ್ತಾಗುತ್ತದೆ ಅಂತ ಬೇಗ ಬೇಗ ಬಂದೆ. ತಪ್ಪಲೆ ಉರುಳಿದ ಸದ್ದು ಮೊದಲು ಕೇಳಿಸಿತು. ನಿನ್ನ ಕೂಗು ಆಮೇಲೆ. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಸೊಂಟಕ್ಕೆ ರಾಡು ಹಾಕಿದರು. ಎದ್ದು ಓಡಾಡುತ್ತಾರೆ ಅಂದರು. ನೀನು ಏಳಲಿಲ್ಲ.

ನಡುಮನೆಯಲ್ಲಿ ಆ ಗೋಡೆಗೇ ಸೇರಿಸಿ ನಿನ್ನ ಮಂಚ ಹಾಕಿದೆವು. ಆಚೆ ಬದಿಯಲ್ಲಿ ಶಿವಮ್ಮ, ಒಲೆ, ಕುಕ್ಕರು. ಈಚೆ ಬದಿಯಲ್ಲಿ ನೀನು, ತಲೆಯ ಹತ್ತಿರ ಇದ್ದಿಲ ಬಾಗಿಲು. ನೀರು ಬೇಕಾದರೆ ಹಿತ್ತಾಳೆ ಲೋಟದಿಂದ ಗೋಡೆ ಕುಟ್ಟುತ್ತಿದ್ದೆ. ಶಿವಮ್ಮ “ಬಂದೆ ಕಣಕ್ಕಾ” ಅಂತ ಕೂಗಿ, ಮಗುವನ್ನು ಕಂಕುಳಿಗೆ ಹಾಕಿಕೊಂಡು ಸುತ್ತಿ ಬರುತ್ತಿದ್ದಳು. “ಬಾಗ್ಲು ಬರ್ದವ್ರೆ. ಬೀಗದ ಕೈ ಯಾರತ್ರ ಅದೆ ಕೇಳ್ಕಂಡ್ ಬಾರ್ಲಾ ಮಾದು” ಅಂತ ನೀನು ತಮಾಷೆ ಮಾಡಿದ್ದು ತಮಾಷೆ ಅಂತಲೇ ನಾನು ಅಂದುಕೊಂಡೆ. ಅದು ಕೇಳಿಕೆ ಆಗಿತ್ತಾ? ಬಾಯಿಬಿಟ್ಟು ಕೇಳಿದರೆ ನಾನು ಹೆದರುತ್ತೇನೆ ಅಂತ ಹಾಗೆ ಕೇಳಿದೆಯಾ?

ಆ ದಿನ ಬೆಳಗ್ಗೆ ನಾನು ಕೆಲಸಕ್ಕೆ ಹೋಗಿದ್ದೆ. ಕುಕ್ಕರು ಕೂಗುತ್ತಿತ್ತಂತೆ, ಮಗು ಅಳುತ್ತಿತ್ತಂತೆ. ಗೋಡೆ ಕುಟ್ಟಿದ್ದು ಶಿವಮ್ಮನಿಗೆ ಕೇಳಿಸಿತು, ಅವಳು ಒಲೆ ಆರಿಸಿ ಸುತ್ತಿ ಬಂದಳು. ಲೋಟ ನೆಲದ ಮೇಲಿತ್ತು. ನೀನು ಗೋಡೆಯ ಕಡೆಗೇ ಮುಖ ಮಾಡಿ… ಎದೆ ನಿಂತದ್ದು, ಯಾರು ಪಕ್ಕದಲ್ಲಿದ್ದರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ಉಳಿಯದಿದ್ದರೆ ಬೇಡ. ಪಕ್ಕದಲ್ಲಿ ಯಾರಾದರೂ ಇರಬಹುದಿತ್ತಲ್ಲ. ಶಿವಮ್ಮ ಈಗಲೂ ಕುಕ್ಕರಿಗೆ ಸೀಟಿ ಹಾಕುವುದಿಲ್ಲ, ಪಾತ್ರೆಯಲ್ಲೇ ಬೇಯಿಸುತ್ತಾಳೆ. ಸೀಟಿ ಹಾಕು ಅಂತ ಹೇಳುವ ಮುಖ ನನಗೆಲ್ಲಿದೆ?

ನಿನಗೆ ತಿಳಿಯದ ಸುದ್ದಿ ಇದು. ನಿನ್ನ ತಿಥಿ ಮುಗಿದ ಮಾರನೇ ದಿನ ಹಾರೆ ತೆಗೆದುಕೊಂಡು ನಾನೇ ಗೋಡೆ ಒಡೆದೆ. ರಾಚಯ್ಯ ಬಂದು “ನಿಧಾನ ಕಣಪ್ಪ, ಮ್ಯಾಲಿನ ತೊಲೆ ನೋಡ್ಕ” ಅಂತ ತೊಲೆಗೆ ಆಸರೆಯಾಗಿ ಒಂದು ಮರದ ಕಂಬ ಕೊಟ್ಟು ನಿಲ್ಲಿಸಿದ. ಬೆಳಗಿನ ತಿಂಡಿ ತಿಂದು ಶುರು ಮಾಡಿದ್ದು, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದುಹೋಯಿತು. ಅರ್ಧ ದಿನ ಅತ್ತಿಗಮ್ಮ. ಮೂರು ವರ್ಷ ನಾನು ಹೆದರಿಕೊಂಡಿದ್ದ ಕೆಲಸಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ. ಇದ್ದಿಲ ಗೆರೆಯ ಒಳಗೆ, ಮಂಚದ ಎತ್ತರಕ್ಕೆ, ನಿನ್ನ ಲೋಟದ ಅಂಚು ಬಿದ್ದ ಗುರುತುಗಳಿದ್ದವು, ಉಗುರಿನ ಹಾಗೆ, ಲೆಕ್ಕವಿಲ್ಲದಷ್ಟು. ಗುರುತಿದ್ದ ಆ ಮಣ್ಣಿನ ಹೆಂಟೆಯನ್ನು ಎತ್ತಿಡಬೇಕಿತ್ತು ಅಂತ ಹೊಳೆಯುವ ಹೊತ್ತಿಗೆ ಮಣ್ಣೆಲ್ಲ ತಿಪ್ಪೆಗೆ ಹೊತ್ತುಹಾಕಿ ಆಗಿತ್ತು.

ಮೂಡಲ ಜಗಲಿ ಎಳೆಸಲಿಲ್ಲ. ಈಗ ಯಾವ ಆಯ ಬಂದಿದೆಯೋ ನೋಡಿಸಲೂ ಇಲ್ಲ. ಆ ಬಾಗಿಲಿಗೆ ಕದ ಇಡಿಸುವುದಿಲ್ಲ, ಇದೊಂದು ಮಾತು ನಡೆಸುತ್ತೇನೆ. ದಿನವೂ ಹೆಜ್ಜೆ ಎಣಿಸುತ್ತೇನೆ, ಲೆಕ್ಕ ತಪ್ಪಿದ್ದರೆ ಸಾಕು ಅಂತ ಎಣಿಸುತ್ತೇನೆ. ನಿನ್ನ ಮಂಚದಿಂದ ಒಲೆಗೆ ಐದೇ ಹೆಜ್ಜೆ, ಅತ್ತಿಗಮ್ಮ. ತಲೆ ತಗ್ಗಿಸಬೇಕಾಗಿಲ್ಲ.

ನಿನ್ನ
ಮಾದು