ನಿನ್ನ ಬ್ರಶ್ಶಿನ ಕೂದಲು

ಅಪ್ಪಾ,

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಮಸಾಲೆ ಬೋಗುಣಿ ತೊಳೆದು ಬೋರಲು ಹಾಕುವಾಗ, ಅಂಚಿಗೆ ಒಂದು ಕಪ್ಪು ಕೂದಲು ಅಂಟಿತ್ತು. ಪಾತ್ರೆ ಉಜ್ಜಲು ನೀನಿದ್ದಾಗಲೇ ನಾನು ತಂದ ಬ್ರಶ್ಶಿನದು. ಆ ಬ್ರಶ್ಶಿನ ಕೂದಲು ಹಿಡಿದು ಎಳೆದರೆ ಇನ್ನೂ ನಾಲ್ಕು ಕೈಗೆ ಬಂದವು.

ಅವತ್ತು ಗಿರಾಕಿಯ ತಟ್ಟೆಯಲ್ಲಿ ಸಿಕ್ಕಿದ್ದೂ ಇಂಥದ್ದೇ. ನನ್ನ ಬಾಯಿ ನಿನಗೆ ಗೊತ್ತೇ ಇದೆ. ಕೆಂಡದ ಮೇಲಿನ ಮಾಂಸಕ್ಕೆ ನೀನು ಮಸಾಲೆ ಸವರುವ ಬ್ರಶ್ಶಿನದೇ ಎಂದುಕೊಂಡು, ಹಿಂದೆ ಮುಂದೆ ನೋಡದೆ ಎಲ್ಲರೆದುರಿಗೇ ಕೂಗಿದೆ: "ನಿಂಗೆ ಕಣ್ಣು ಕಾಣಲ್ಲ, ಇನ್ಮೇಲೆ ಒಲೆ ಹತ್ರ ಬರ್ಬೇಡ!"

"ಆಯ್ತಮ್ಮ, ಕೂಗಾಡ್ಬೇಡ. ಜನ ಊಟ ಮಾಡ್ತಿದ್ದಾರೆ" ಎಂದೆ ನೀನು. ಬ್ರಶ್ಶನ್ನು ತೊಳೆದು, ಕೊಡವಿ, ಮೊಳೆಗೆ ನೇತುಹಾಕಿದೆ. ಆಮೇಲೆ ನೀನು ನಿನ್ನ ಕೊನೆಯ ದಿನದವರೆಗೂ ಹಿಂದಿನ ಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೂತೆ.

ನೀನು ಹೋದ ಮೇಲೂ ನಿನ್ನ ಬ್ರಶ್ಶು ಆ ಮೊಳೆಯಲ್ಲೇ ಇತ್ತು. ಇವತ್ತು ಇಳಿಸಿದೆ. ನೀನು ಮಾಡುತ್ತಿದ್ದಂತೆ ಉಪ್ಪು ಹಾಕಿದ ಬಿಸಿನೀರಲ್ಲಿ ನೆನೆಸಿ, ಕೂದಲನ್ನು ಬೆರಳಿನಿಂದ ಬಾಚಿದೆ. ಆಮೇಲೆ ಹಿಡಿದು ಜಗ್ಗಿದೆ. ಒಂದಾದರೂ ಉದುರಲಿ ಎಂದು ಮತ್ತೆ ಮತ್ತೆ ಜಗ್ಗಿದೆ.

ಒಂದೂ ಉದುರಲಿಲ್ಲ, ಅಪ್ಪಾ.